ಬಟನ್ ಸವೆದರೆ ಇಡೀ ಸೆಟ್ ಎಸೆಯಬೇಡಿ

ಮಾನ್ಯ ಸಂಪಾದಕರೇ,

ಕೈಯಲ್ಲಿ ಹಿಡಿದು ಹಾಡು ಕೇಳುವ ಸಣ್ಣ ಪ್ಲೇಯರ್‌ಗಳು ನಮ್ಮ ತುಮಕೂರಿನ ಎಷ್ಟೋ ಮನೆಗಳಲ್ಲಿ ಈಗಲೂ ಇವೆ. ಮೆಮೊರಿ ಕಾರ್ಡ್ ಹಾಕುವಂಥವು, ಎಫ್‌ಎಂ ಬರುವಂಥವು, ಜೇಬಿಗೆ ಸಿಕ್ಕಿಸುವಂಥವು. ಬೆಳಿಗ್ಗೆ ಅಮಾನಿಕೆರೆ ಕಡೆ ವಾಕಿಂಗ್ ಹೋದರೆ ವಯಸ್ಸಾದವರ ಜೇಬಿನಿಂದ ಭಜನೆ, ವಚನ ಕೇಳಿಸುತ್ತಲೇ ಇರುತ್ತದೆ. ಈ ಸೆಟ್‌ಗಳಲ್ಲಿ ಬ್ಯಾಟರಿ ಹೋದರೆ ಜನ ಹೊಸದು ಹಾಕಿಸುತ್ತಾರೆ. ಬಟನ್ ಹೋದರೆ ಮಾತ್ರ ಸೆಟ್ಟೇ ಹೋಯಿತು ಅಂತ ಮೂಲೆಗೆ ಎತ್ತಿಡುತ್ತಾರೆ. ಆಮೇಲೆ ಗುಜರಿಗೆ ಹಾಕುತ್ತಾರೆ. ಎಷ್ಟೋ ಸಲ ಇದು ಮನೆಯಲ್ಲೇ ಸರಿಹೋಗುವ ತೊಂದರೆ, ಅದನ್ನು ನಾಲ್ಕು ಜನಕ್ಕೆ ಹೇಳಬೇಕು ಅಂತಲೇ ಈ ಪತ್ರ.

ನಮ್ಮ ಮಾವನವರಿಗೆ ಕಣ್ಣು ಮಂಜು. ಮೊಬೈಲಿನ ಟಚ್ ಸ್ಕ್ರೀನ್ ಮೇಲೆ ಬೆರಳಿಟ್ಟರೆ ಎಲ್ಲಿ ಒತ್ತಿದೆ ಅನ್ನೋದೇ ಅವರಿಗೆ ಗೊತ್ತಾಗುವುದಿಲ್ಲ. ಪ್ಲೇಯರ್ ಹಾಗಲ್ಲ. ಹೆಬ್ಬೆರಳಿಗೆ ಬಟನ್ ಸಿಗುತ್ತದೆ, ಒತ್ತಿದರೆ ಟಿಕ್ ಅನ್ನುತ್ತದೆ, ಹಾಡು ಬದಲಾಗುತ್ತದೆ. ಗುಬ್ಬಿ ಕಂಪನಿ ಕಾಲದ ರಂಗಗೀತೆಗಳು ಅವರಿಗೆ ಪ್ರಾಣ, ಕಾರ್ಡ್ ತುಂಬ ಅವನ್ನೇ ಹಾಕಿಕೊಟ್ಟಿದ್ದೇವೆ. ಅಂಥವರಿಗೆ ಒಂದು ಬಟನ್ ಕೆಲಸ ಮಾಡಲಿಲ್ಲ ಅಂದರೆ ಇಡೀ ದಿನದ ಜೊತೆಗಾರ ಇಲ್ಲದ ಹಾಗೆ ಆಗುತ್ತದೆ. ಅವರ ಸೆಟ್ಟಿನ ವಾಲ್ಯೂಮ್ ಬಟನ್ ಸರಿಯಾಗಿ ಕೆಲಸ ಮಾಡದೇ ಇದ್ದಾಗ ಒಂದು ಅಂಗಡಿಗೆ ತೆಗೆದುಕೊಂಡು ಹೋದೆ. ಬಿಚ್ಚಿ ಕೂಡ ನೋಡಲಿಲ್ಲ, "ಬೋರ್ಡ್ ಹೋಗಿದೆ ಮೇಡಂ, ಸುಮ್ನೆ ಹೊಸದು ತಗೊಳ್ಳಿ" ಅಂದರು. ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು, ಮನೆಗೆ ತಂದು ಬಿಚ್ಚಿದೆ. ಬೋರ್ಡಿಗೆ ಏನೂ ಆಗಿರಲಿಲ್ಲ. ಎರಡು ಮೂರು ರೂಪಾಯಿ ಬೆಲೆಯ ಒಂದು ಸ್ವಿಚ್ ಸವೆದಿತ್ತು, ಅಷ್ಟೇ.

ಬಟನ್ ಅಂದರೆ ಒಳಗೆ ಏನಿರುತ್ತದೆ ಅಂತ ಮೊದಲು ಹೇಳುತ್ತೇನೆ. ನಮ್ಮ ಬೆರಳಿಗೆ ಸಿಗುವುದು ಬರೀ ಪ್ಲಾಸ್ಟಿಕ್ ಟೋಪಿ. ಅದರ ಕೆಳಗೆ ಬೋರ್ಡಿನ ಮೇಲೆ ಪುಟ್ಟ ಚೌಕದ ಸ್ವಿಚ್ ಕೂತಿರುತ್ತದೆ, ಅಂಗಡಿಯಲ್ಲಿ ಟ್ಯಾಕ್ಟ್ ಸ್ವಿಚ್ ಅಂತ ಕೇಳಿದರೆ ಕೊಡುತ್ತಾರೆ. ಜಾಸ್ತಿ ಸಿಗುವುದು 6 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಅಗಲದ್ದು. ಅದರೊಳಗೆ ನಡುವೆ ಉಬ್ಬಿರುವ ಒಂದು ತೆಳು ಲೋಹದ ಬಿಲ್ಲೆ ಇರುತ್ತದೆ. ಒತ್ತಿದಾಗ ಬಿಲ್ಲೆ ಕೆಳಕ್ಕೆ ಬಾಗಿ ಎರಡು ತುದಿಗಳನ್ನು ಮುಟ್ಟಿಸುತ್ತದೆ, ಬಿಟ್ಟಾಗ ಮತ್ತೆ ಮೇಲೇಳುತ್ತದೆ. ಟಿಕ್ ಅನ್ನುವ ಸದ್ದು ಅದರದ್ದೇ. ವರ್ಷಗಟ್ಟಲೆ ಒತ್ತಿದ ಮೇಲೆ ಬಿಲ್ಲೆಯ ಬಿಗಿ ಕಡಿಮೆಯಾಗುತ್ತದೆ. ಜೊತೆಗೆ ಬೆವರು, ಎಣ್ಣೆ ಕೈ, ಧೂಳು ಒಳಗೆ ಇಳಿದು ಲೋಹದ ಮೇಲೆ ಕಪ್ಪು ಪದರ ಕೂರುತ್ತದೆ. ಆಗ ಜೋರಾಗಿ ಒತ್ತಿದರೆ ಮಾತ್ರ ಕೆಲಸ ಮಾಡುತ್ತದೆ, ಇಲ್ಲವೇ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗೆ ಆಗುತ್ತದೆ.

ಇನ್ನೊಂದು ವಿಷಯ ಇದೆ, ಬಹಳ ಜನ ಮೋಸ ಹೋಗುವುದು ಇಲ್ಲೇ. ವಾಲ್ಯೂಮ್ ಒತ್ತಿದರೆ ಮುಂದಿನ ಹಾಡಿಗೆ ಹೋಗುತ್ತದೆ, ನಿಲ್ಲಿಸಲು ಒತ್ತಿದರೆ ಎಫ್‌ಎಂ ಬರುತ್ತದೆ. ಇದನ್ನು ನೋಡಿದ ಕೂಡಲೇ ಚಿಪ್ ಕೆಟ್ಟಿದೆ ಅಂತ ತೀರ್ಮಾನ ಮಾಡಿಬಿಡುತ್ತಾರೆ. ನಿಜ ಏನೆಂದರೆ ಇಂಥ ಎಷ್ಟೋ ಸೆಟ್‌ಗಳಲ್ಲಿ ಎಲ್ಲ ಬಟನ್‌ಗಳಿಗೂ ಸೇರಿ ಚಿಪ್‌ಗೆ ಹೋಗುವುದು ಒಂದೇ ಒಂದು ದಾರಿ. ಒಂದೊಂದು ಬಟನ್‌ಗೂ ಬೇರೆ ಬೇರೆ ಅಳತೆಯ ರೆಸಿಸ್ಟರ್, ಅಂದರೆ ಕರೆಂಟ್ ತಡೆಯುವ ಪುಟ್ಟ ಬಿಡಿಭಾಗ, ಹಾಕಿರುತ್ತಾರೆ, ಒತ್ತಿದಾಗ ವೋಲ್ಟೇಜ್ ಎಷ್ಟು ಬಂತು ಅಂತ ಅಳೆದು ಚಿಪ್ ಇದು ಯಾವ ಬಟನ್ ಅಂತ ಗುರುತು ಹಿಡಿಯುತ್ತದೆ. ಸ್ವಿಚ್ ಒಳಗೆ ಕೊಳೆ ಕೂತರೆ ಅದೇ ಒಂದು ರೆಸಿಸ್ಟರ್ ಆಗಿಬಿಡುತ್ತದೆ, ವೋಲ್ಟೇಜ್ ಏರುಪೇರಾಗುತ್ತದೆ, ಚಿಪ್ ಇನ್ಯಾವುದೋ ಬಟನ್ ಅಂದುಕೊಳ್ಳುತ್ತದೆ. ಚಿಪ್ ಸರಿಯಾಗೇ ಇದೆ. ಅದಕ್ಕೆ ಹೋಗುತ್ತಿರುವ ಸುದ್ದಿ ತಪ್ಪು. ಕಡಿಮೆ ಬೆಲೆಯ ಸೆಟ್‌ಗಳಲ್ಲಿ ಒಂದೇ ಬಟನ್‌ಗೆ ಎರಡು ಕೆಲಸ ಬೇರೆ, ಒಮ್ಮೆ ಒತ್ತಿದರೆ ಮುಂದಿನ ಹಾಡು, ಒತ್ತಿ ಹಿಡಿದರೆ ವಾಲ್ಯೂಮ್. ಹಾಗಾಗಿ ಆ ಬಟನ್ ಉಳಿದವಕ್ಕಿಂತ ಬೇಗ ಸವೆಯುತ್ತದೆ.

ಬಿಚ್ಚುವ ಮುಂಚೆ ಸೆಟ್ ಆಫ್ ಮಾಡಿ. ತೆಗೆಯುವ ಬ್ಯಾಟರಿ ಇದ್ದರೆ ತೆಗೆದು ಪಕ್ಕಕ್ಕಿಡಿ. ಸಣ್ಣ ಸ್ಪೀಕರ್ ಸೆಟ್‌ಗಳಲ್ಲಿ ಹಳೆ ನೋಕಿಯಾ ಫೋನಿನ ಬಿಎಲ್-5ಸಿ ಬ್ಯಾಟರಿ ಇರುವುದು ಸಾಮಾನ್ಯ, ಅದು ಸುಲಭವಾಗಿ ಬರುತ್ತದೆ. ತೆಳ್ಳಗಿನ ಪ್ಲೇಯರ್‌ಗಳಲ್ಲಿ ಬೆಳ್ಳಿ ಬಣ್ಣದ ಚೀಲದಂಥ ಲಿಥಿಯಂ ಬ್ಯಾಟರಿಯನ್ನು ಅಂಟಿಸಿರುತ್ತಾರೆ. ಅದಕ್ಕೆ ಸ್ಕ್ರೂಡ್ರೈವರ್ ತಗುಲಬಾರದು, ಅದನ್ನು ಬಗ್ಗಿಸಬಾರದು, ಚುಚ್ಚಬಾರದು. ಚುಚ್ಚಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ಬ್ಯಾಟರಿ ಉಬ್ಬಿದೆ ಅಂತ ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಬಟನ್ ಆಸೆ ಬಿಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಇದರಲ್ಲಿ ರಾಜಿ ಬೇಡ.

ಸ್ಕ್ರೂ ಕಾಣದಿದ್ದರೆ ಹಿಂದಿನ ಸ್ಟಿಕರ್ ಕೆಳಗೆ, ರಬ್ಬರ್ ಕಾಲಿನ ಕೆಳಗೆ ನೋಡಿ. ಅಂಚು ಬಿಡಿಸಲು ಚಾಕು ಬೇಡ, ಹಳೆಯ ಪ್ಲಾಸ್ಟಿಕ್ ಕಾರ್ಡ್ ಸಾಕು. ಸ್ಪೀಕರ್ ವೈರ್ ಕೂದಲಷ್ಟು ಸಣ್ಣ ಇರುತ್ತದೆ, ಮುಚ್ಚಳವನ್ನು ಎಳೆಯದೆ ಪುಸ್ತಕ ತೆರೆದ ಹಾಗೆ ನಿಧಾನಕ್ಕೆ ತೆರೆಯಿರಿ. ಮೊದಲೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಯಾವ ವೈರ್ ಎಲ್ಲಿತ್ತು ಅನ್ನುವ ಗೊಂದಲ ಇರುವುದಿಲ್ಲ.

ಈಗ ತೊಂದರೆ ಟೋಪಿಯದೋ ಸ್ವಿಚ್‌ದೋ ತಿಳಿಯಬೇಕು. ಸೆಟ್ ಆಫ್ ಇದ್ದಂತೆಯೇ ಸ್ವಿಚ್ ಅನ್ನು ಒಂದು ಬೆಂಕಿಕಡ್ಡಿಯಿಂದ ಒತ್ತಿ ನೋಡಿ. ಟಿಕ್ ಅಂತ ಚೆನ್ನಾಗಿ ಕೇಳಿಸಿದರೆ ತಪ್ಪು ಟೋಪಿಯದ್ದೇ ಇರಬಹುದು, ಅದರ ಕೆಳಗಿನ ಮೊಳೆ ಸವೆದು ಸ್ವಿಚ್ ತನಕ ಮುಟ್ಟುತ್ತಿಲ್ಲ. ಆಗ ಹಳೆಯ ಕಾರ್ಡಿನಿಂದ ಚೂರು ಪ್ಲಾಸ್ಟಿಕ್ ಕತ್ತರಿಸಿ ಟೋಪಿಯ ಕೆಳಗೆ ಅಂಟಿಸಿದರೆ ಮುಗಿಯಿತು. ಎರಡು ಟ್ಯೂಬ್ ಕಲಸುವ ಅರಾಲ್ಡೈಟ್ ಬಳಸಿ, ಪೂರ್ತಿ ಒಣಗಿದ ಮೇಲೆ ಎತ್ತರ ಜಾಸ್ತಿ ಆಗಿದ್ದರೆ ಉಗುರು ಉಜ್ಜುವ ಫೈಲ್‌ನಿಂದ ತಿಕ್ಕಿ. ಫೆವಿಕ್ವಿಕ್ ಮಾತ್ರ ಸ್ವಿಚ್ ಹತ್ತಿರ ತರಬೇಡಿ. ಅದು ನೀರಿನ ಹಾಗೆ ತೆಳುವಾಗಿ ಸಂದಿಯೊಳಗೆ ಹರಿದು ಬಿಲ್ಲೆಯನ್ನೇ ಅಂಟಿಸಿಬಿಡುತ್ತದೆ, ಆಮೇಲೆ ಆ ಸ್ವಿಚ್ ಸತ್ತಂತೆಯೇ.

ಟಿಕ್ ಇಲ್ಲ, ಇಲ್ಲವೇ ಮೆತ್ತಗಾಗಿದೆ ಅಂದರೆ ಸ್ವಿಚ್‌ದೇ ತೊಂದರೆ. ಮಲ್ಟಿಮೀಟರ್ (ಕರೆಂಟ್, ವೋಲ್ಟೇಜ್ ಅಳೆಯುವ ಮೀಟರ್) ಇದ್ದವರು ಅದನ್ನು ಓಮ್‌ಗೆ, ಅಂದರೆ ತಡೆ ಅಳೆಯುವ ಕಡೆಗೆ, ಇಟ್ಟು ಸ್ವಿಚ್‌ನ ನಾಲ್ಕು ಕಾಲುಗಳಲ್ಲಿ ಓರೆಯಾಗಿ ಎದುರುಬದುರು ಇರುವ ಎರಡನ್ನು ಮುಟ್ಟಿಸಿ ಒತ್ತಿ. ಓರೆಯಾಗಿಯೇ ಯಾಕೆ ಅಂದರೆ ಕಾಲುಗಳು ಎರಡೆರಡಾಗಿ ಒಳಗೇ ಸೇರಿಕೊಂಡಿರುತ್ತವೆ, ಅಂಥ ಜೋಡಿಯನ್ನು ಮುಟ್ಟಿಸಿದರೆ ಒತ್ತದಿದ್ದರೂ ಸೊನ್ನೆಯ ಹತ್ತಿರವೇ ತೋರಿಸುತ್ತದೆ. ಚೆನ್ನಾಗಿರುವ ಸ್ವಿಚ್ ಒಂದು ಓಮ್ ಆಸುಪಾಸು ತೋರಿಸುತ್ತದೆ. ಹತ್ತು, ನೂರು ಅಂತ ಕುಣಿದರೆ ಒಳಗೆ ಕೊಳೆ ಇದೆ.

ಕೊಳೆಗೆ ಮದ್ದು ಐಸೊಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟ್‌ನದು. ಒಂದೇ ಒಂದು ಹನಿಯನ್ನು ಸ್ವಿಚ್‌ನ ಅಂಚಿಗೆ ಬಿಟ್ಟು ಚೆನ್ನಾಗಿ ಒತ್ತಿ ಒತ್ತಿ ಬಿಡಿ, ಮತ್ತೊಂದು ಹನಿ ಹಾಕಿ, ಪೂರ್ತಿ ಒಣಗಲು ಬಿಡಿ. ಅಡುಗೆಮನೆಯಲ್ಲಿ, ದೀಪದ ಹತ್ತಿರ ಈ ಕೆಲಸ ಬೇಡ, ಅದು ಬೇಗ ಹತ್ತಿಕೊಳ್ಳುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಆಗುವುದಿಲ್ಲ, ಅದರಲ್ಲಿ ನೀರು, ಜೆಲ್ ಇರುತ್ತದೆ. ಥಿನ್ನರ್ ಪ್ಲಾಸ್ಟಿಕ್ ಕರಗಿಸುತ್ತದೆ. ಕೊಬ್ಬರಿ ಎಣ್ಣೆ ಬಿಡುವವರೂ ಇದ್ದಾರೆ, ಎರಡು ದಿನ ಸಲೀಸಾಗಿ ಓಡಿ ಆಮೇಲೆ ಧೂಳು ಹಿಡಿದು ಮೊದಲಿಗಿಂತ ಕೆಡುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಸ್ವಿಚ್ ಬದಲಿಸಬೇಕು, ಇದಕ್ಕೆ ಸಾಲ್ಡರಿಂಗ್, ಅಂದರೆ ಲೋಹದ ತಂತಿ ಕರಗಿಸಿ ಬೆಸೆಯುವುದು, ಗೊತ್ತಿರಬೇಕು. 25 ವ್ಯಾಟ್ ಸಾಲ್ಡರಿಂಗ್ ಐರನ್ ಸಾಕು, ಸಾಮಾನ್ಯ ಸೀಸ ಕೂಡಿದ ಸಾಲ್ಡರ್ 190 ಡಿಗ್ರಿ ಒಳಗೇ ಕರಗುತ್ತದೆ. ಹಳೆಯ ಸ್ವಿಚ್ ಅನ್ನು ಇಡಿಯಾಗಿ ಕೀಳಲು ಹೋಗಿ ಬೋರ್ಡಿನ ತಾಮ್ರದ ಪಟ್ಟಿ ಎದ್ದು ಬರುವುದೇ ಜಾಸ್ತಿ. ಅದಕ್ಕೆ ಮೊದಲು ಸಣ್ಣ ಕಟ್ಟರ್‌ನಿಂದ ಸ್ವಿಚ್‌ನ ಮೈ ಒಡೆದು ತೆಗೆಯಿರಿ, ಉಳಿದ ಕಾಲುಗಳನ್ನು ಒಂದೊಂದಾಗಿ ಕಾಯಿಸಿ ಚಿಮುಟದಿಂದ ಎಳೆಯಿರಿ. ಸಾಲ್ಡರ್ ಕರಗುತ್ತಿಲ್ಲ ಅಂತ ಐರನ್ ಒತ್ತಿ ಹಿಡಿಯಬೇಡಿ, ಅದರ ಮೇಲೆ ಚೂರು ಹೊಸ ಸಾಲ್ಡರ್ ಹಾಕಿ, ಹಳೆಯದೂ ಕರಗಿ ಬರುತ್ತದೆ. ಹೊಸ ಸ್ವಿಚ್ ತರುವಾಗ ಎತ್ತರ ಅಳೆದುಕೊಂಡು ಹೋಗಿ, 4.3 ಮಿಲಿಮೀಟರ್ ಇದ್ದ ಕಡೆ 5 ಹಾಕಿದರೆ ಮುಚ್ಚಳ ಹಾಕಿದ ಕೂಡಲೇ ಬಟನ್ ಒತ್ತಿಕೊಂಡೇ ಕೂರುತ್ತದೆ. ಕಿಟಕಿ ತೆಗೆದಿಡಿ, ಮಕ್ಕಳನ್ನು ದೂರ ಕೂರಿಸಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸೀಸ ಹೊಟ್ಟೆಗೆ ಹೋಗಬಾರದು. ಸಾಲ್ಡರಿಂಗ್ ಬಾರದವರು ಇದನ್ನು ಬಲ್ಲವರ ಕೈಗೇ ಕೊಡಿ, ಆದರೆ "ಸ್ವಿಚ್ ಬದಲಿಸಿ" ಅಂತ ಸ್ಪಷ್ಟವಾಗಿ ಹೇಳಿ ಕೊಡಿ.

ಕೆಲವು ಸೆಟ್‌ಗಳಲ್ಲಿ ಟ್ಯಾಕ್ಟ್ ಸ್ವಿಚ್ ಬದಲು ಟಿವಿ ರಿಮೋಟ್‌ನಲ್ಲಿ ಇರುವಂಥ ರಬ್ಬರ್ ಇರುತ್ತದೆ, ಅದರ ಕೆಳಗಿನ ಕಪ್ಪು ಕಾರ್ಬನ್ ಸವೆದಿರುತ್ತದೆ. ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆಯ ಚೂರನ್ನು ಡಬಲ್ ಟೇಪಿನಿಂದ ಆ ಕಪ್ಪು ಚುಕ್ಕಿಯ ಮೇಲೆ ಅಂಟಿಸಿದರೆ ಬಹಳ ದಿನ ಬರುತ್ತದೆ.

ಇನ್ನು ಸಂಪಾದಕರೇ, ನನ್ನ ನಿಜವಾದ ಬೇಸರ ಏನಂದರೆ, ಇದು ನಮ್ಮ ಊರಿಗೆ ಹೊಸ ವಿದ್ಯೆ ಅಲ್ಲ. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು ಇದು. ಕಣ್ಣಿಗೆ ಲೂಪ್ (ಸಣ್ಣ ಭೂತಗನ್ನಡಿ) ಸಿಕ್ಕಿಸಿಕೊಂಡು, ಚಿಮುಟ ಹಿಡಿದು, ಕಣ್ಣಿಗೆ ಕಾಣದಂಥ ಸ್ಕ್ರೂ ಕೂರಿಸಿದ ಕೈಗಳು ಇಲ್ಲಿ ಮನೆಮನೆಯಲ್ಲಿ ಇದ್ದವು, ಎಷ್ಟೋ ಜನ ಈಗಲೂ ನಮ್ಮ ನಡುವೆ ಇದ್ದಾರೆ. 2016ರಲ್ಲಿ ಆ ಕಂಪನಿ ಮುಚ್ಚುವ ತೀರ್ಮಾನ ಆಯಿತು, ಜಾಗ ಇಸ್ರೋಗೆ ಹೋಯಿತು. ಕೈಯಲ್ಲಿದ್ದ ವಿದ್ಯೆ ಮಾತ್ರ ಯಾರಿಗೂ ದಾಟಲಿಲ್ಲ. ಅಂಥವರಲ್ಲಿ ಒಬ್ಬಿಬ್ಬರು ಐಟಿಐ ಹುಡುಗರ ಎದುರು ಕೂತು ಒಂದು ಹಳೆ ಸೆಟ್ ಬಿಚ್ಚಿ ತೋರಿಸಿದರೆ ಹುಡುಗರು ಕಲಿಯುವುದು ಬಹಳ ಇದೆ. ಪ್ರಾಂಶುಪಾಲರು ಮನಸ್ಸು ಮಾಡಬೇಕು ಅಷ್ಟೇ.

ಬಿಡಿಭಾಗದ ಕಷ್ಟವೂ ಸಣ್ಣದಲ್ಲ. ಎರಡು ರೂಪಾಯಿ ಸ್ವಿಚ್‌ಗೋಸ್ಕರ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವವರ ಕೈಯಲ್ಲಿ ಹೇಳಿ ಎಸ್‌ಪಿ ರಸ್ತೆಯಿಂದ ತರಿಸಬೇಕಾಗುತ್ತದೆ. ಎಂಜಿ ರಸ್ತೆ, ಬಿಎಚ್ ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ಒಂದು ಡಬ್ಬಿ ಟ್ಯಾಕ್ಟ್ ಸ್ವಿಚ್ ಇಟ್ಟುಕೊಂಡರೆ ಯಾವ ಬಂಡವಾಳವೂ ಬೇಕಿಲ್ಲ. ಜನರೂ ಬಾಯಿಬಿಟ್ಟು ಕೇಳಬೇಕು, ಕೇಳಿದರೆ ತಾನೇ ಅವರು ತರಿಸುವುದು.

ಸರ್ಕಾರದ ಮಟ್ಟದಲ್ಲೂ ಮಾತು ಶುರುವಾಗಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ (ರಿಪೇರಿ ಮಾಡಿಸಿಕೊಳ್ಳುವ ಹಕ್ಕು) ಪೋರ್ಟಲ್ ತೆರೆಯಿತು, ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆ ವಸ್ತು, ವಾಹನ ಇವೆಲ್ಲ ಅದರಲ್ಲಿ ಸೇರಿವೆ. ಫ್ರಾನ್ಸಿನಲ್ಲಿ 2021ರಲ್ಲೇ ಮೊಬೈಲ್, ಲ್ಯಾಪ್‌ಟಾಪ್, ಟಿವಿಯಂಥವನ್ನು ಮಾರುವಾಗ ಇದು ಎಷ್ಟು ಸುಲಭವಾಗಿ ರಿಪೇರಿ ಆಗುತ್ತದೆ ಅಂತ ಹತ್ತಕ್ಕೆ ಇಷ್ಟು ಅಂಕ ಬರೆಯಲೇಬೇಕು ಅನ್ನುವ ನಿಯಮ ಬಂದಿತ್ತು. ನಮ್ಮಲ್ಲೂ ಅಂಥದ್ದು ಬರಲಿ, ಬಂದಾಗ ಇಂಥ ಸಣ್ಣ ಸೆಟ್‌ಗಳನ್ನು ಮರೆಯಬಾರದು. ದೊಡ್ಡ ಕಂಪನಿಗಳೇ ಈ ತರಹದ ಪ್ಲೇಯರ್ ಮಾಡುವುದನ್ನು ನಿಲ್ಲಿಸುತ್ತಿವೆ, ಆಪಲ್‌ನವರು 2022ರ ಮೇನಲ್ಲಿ ಐಪಾಡ್‌ಗೆ ಕೊನೆ ಹೇಳಿದರು. ಹೊಸದು ಕಡಿಮೆ ಆಗುತ್ತಿರುವಾಗ ಇರುವುದನ್ನು ಉಳಿಸಿಕೊಳ್ಳಬೇಕು, ಅಲ್ವಾ?

ನಿಮ್ಮ ಪತ್ರಿಕೆಗೆ ನನ್ನ ಕೋರಿಕೆ ಇಷ್ಟು. ವಾರಕ್ಕೊಮ್ಮೆ, ಕಾಲು ಪುಟ ಸಾಕು, ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ರಿಪೇರಿ ಬಗ್ಗೆ ಚಿತ್ರದ ಸಮೇತ ಬರೆಸಿ. ಬರೆಯಲು ದೂರದ ಪಂಡಿತರು ಬೇಡ, ನಮ್ಮ ಜಿಲ್ಲೆಯ ಮೆಕ್ಯಾನಿಕ್‌ಗಳನ್ನೇ ಕೇಳಿ, ಅವರು ಹೇಳಿದ್ದನ್ನು ನಿಮ್ಮ ವರದಿಗಾರರು ಬರೆದುಕೊಳ್ಳಲಿ. ಯಾವ ಕೆಲಸ ಮನೆಯಲ್ಲಿ ಮಾಡಬಾರದು ಅನ್ನುವುದನ್ನೂ ಅವರಿಂದಲೇ ಹೇಳಿಸಿ. ಬಟನ್ ವಿಷಯ ಇಲ್ಲಿ ಬಂದಾಯಿತು ಅನ್ನಿಸಿದರೆ ಇಯರ್‌ಫೋನ್ ಪಿನ್ ಹಾಕುವ ಜಾಕ್‌ನಿಂದ ಶುರು ಮಾಡಿ. ಒಂದೇ ಕಿವಿಗೆ ಹಾಡು ಬರುತ್ತದೆ ಅಂತ ಎತ್ತಿಟ್ಟಿರುವ ಸೆಟ್‌ಗಳೂ ಬೇಕಾದಷ್ಟಿವೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಕ್ಯಾತ್ಸಂದ್ರ, ತುಮಕೂರು