ಮಲ್ಲೇಶ್ವರದ ಗ್ರಾಹಕರಿಗೆ: ದಿನಸಿ ಗಾಡಿ ಇನ್ನು ಮುಂದೆ ಬೆಳಗಿನ ಜಾವ

ಮಾನ್ಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಮಲ್ಲೇಶ್ವರದ ಅಂಗಡಿ, ಹೋಟೆಲುಗಳಿಗೆ ನಮ್ಮ ಸಹಕಾರ ಸಂಘದ ದಿನಸಿ ಗಾಡಿ ಬೆಳಿಗ್ಗೆ ಐದೂವರೆಯಿಂದ ಏಳೂವರೆಯೊಳಗೆ ಬರಲಿದೆ. ಒಂಬತ್ತರ ನಂತರ ಈ ಗಾಡಿಯಿಂದ ಸರಕು ಇಳಿಸುವುದನ್ನು ನಿಲ್ಲಿಸುತ್ತಿದ್ದೇವೆ. ನಿಮ್ಮಲ್ಲಿ ಕೆಲವರಿಗೆ ಇದರಿಂದ ತೊಂದರೆಯಾಗುತ್ತದೆಂದು ಗೊತ್ತು. ಹಾಗಾಗಿ ಕಾರಣವನ್ನು ಬಿಡಿಸಿ ಹೇಳಬೇಕು.

ಕಳೆದ ತಿಂಗಳು ಒಂದು ಸೋಮವಾರ ನಾನೇ ಗಾಡಿಯ ಜೊತೆ ಸಂಪಿಗೆ ರಸ್ತೆಗೆ ಬಂದಿದ್ದೆ. ಸಮಯ ಒಂಬತ್ತೂವರೆ. ಅಂಚಿನುದ್ದಕ್ಕೂ ಕಾರುಗಳಿದ್ದವು. ಅವುಗಳ ಪಕ್ಕದಲ್ಲೇ, ರಸ್ತೆಯೊಳಕ್ಕೆ ಚಾಚಿಕೊಂಡು ನಮ್ಮ ಗಾಡಿ ನಿಂತಿತು. 26 ಕೆ.ಜಿ.ಯ ಹನ್ನೆರಡು ಅಕ್ಕಿ ಚೀಲ, ಎರಡು ಮೂಟೆ ಸಕ್ಕರೆ ಇಳಿಸಲು ಹಮಾಲರಿಗೆ ಹಿಡಿದದ್ದು ಎಂಟೇ ನಿಮಿಷ. ಗಾಡಿ ಕದಲಿದ್ದು ಇಪ್ಪತ್ತೈದು ನಿಮಿಷದ ಮೇಲೆ! ಬಿಲ್ ತಾಳೆ ನೋಡುವುದು, ಹಳೆಯ ಬಾಕಿ, ಚಿಲ್ಲರೆ ಎಂದು ಉಳಿದ ಹೊತ್ತು ಕಳೆಯಿತು. ಅಷ್ಟರಲ್ಲಿ ಹಿಂದಿದ್ದ ಬಿಎಂಟಿಸಿ ಬಸ್ಸು ಪಕ್ಕಕ್ಕೆ ಸರಿದು ಹೋಗಲು ಜಾಗವಿಲ್ಲದೆ ನಿಂತುಬಿಟ್ಟಿತ್ತು. ಬಸ್ಸಿನ ಹಿಂದೆ ಆಟೊಗಳು, ಸ್ಕೂಟರುಗಳು, ಸಮವಸ್ತ್ರದ ಮಕ್ಕಳು. ನಾವು ಹೊರಟ ಮೇಲೂ ಆ ಸಾಲು ಕರಗಲಿಲ್ಲ. ಮುಂದಿನವರು ಒಬ್ಬೊಬ್ಬರಾಗಿ ಹೊರಡುವಷ್ಟರಲ್ಲಿ ಹಿಂದೆ ಮತ್ತಷ್ಟು ಜನ ಬಂದು ಸೇರುತ್ತಿದ್ದರು. ಕೆ.ಸಿ. ಜನರಲ್ ಆಸ್ಪತ್ರೆ ಇರುವ ಬಡಾವಣೆಯಿದು. ಆ ಸಾಲಿನಲ್ಲಿ ಆಂಬ್ಯುಲೆನ್ಸ್ ಇದ್ದಿದ್ದರೆ ಎಂಬ ಯೋಚನೆ ಆ ದಿನದಿಂದ ನನ್ನನ್ನು ಬಿಟ್ಟಿಲ್ಲ.

ದಿನವೂ ಸ್ವಲ್ಪ ಸ್ವಲ್ಪ ಕಳುಹಿಸುವುದೂ ಇದಕ್ಕೆ ಕಾರಣ. ಆದ್ದರಿಂದ ಒಂದು ಬೀದಿಗೆ ವಾರಕ್ಕೆ ಎರಡೇ ಸಲ, ಎಲ್ಲರ ಸರಕೂ ಒಂದೇ ಗಾಡಿಯಲ್ಲಿ ಬರುತ್ತದೆ. ಯಶವಂತಪುರದ ಸಗಟು ಮಾರುಕಟ್ಟೆಯ ಯಾರ್ಡಿನಿಂದ ಹಿಂದಿನ ಸಂಜೆಯೇ ತುಂಬಿಸಿಕೊಳ್ಳುತ್ತೇವೆ. ಬಿಲ್ಲು ರಾತ್ರಿಯೇ ವಾಟ್ಸ್‌ಆ್ಯಪ್‌ನಲ್ಲಿ ತಲುಪುತ್ತದೆ. ಗಾಡಿಯ ಬಳಿ ಹಣದ ವ್ಯವಹಾರ ಇರುವುದಿಲ್ಲ; ಸಂಜೆಯೊಳಗೆ ಯುಪಿಐ ಮೂಲಕ ಪಾವತಿಸಿದರೆ ಸಾಕು. ಬೇಗ ಬರುವ ಹಮಾಲರಿಗೆ ಕೊಡುವ ಹೆಚ್ಚಿನ ಕೂಲಿಯನ್ನು ಸಂಘವೇ ಭರಿಸುತ್ತದೆ, ನಿಮ್ಮ ಬಿಲ್ಲಿಗೆ ಸೇರಿಸುವುದಿಲ್ಲ.

ಅಂಗಡಿಯ ಮೇಲೆ ಮನೆಗಳಿರುವ ಕಡೆ ಇಂಜಿನ್ ಆರಿಸಿ, ಹಾರ್ನ್ ಹಾಕದೆ, ಮೂಟೆಯನ್ನು ದೊಪ್ಪೆಂದು ಎಸೆಯದೆ ಇಳಿಸಬೇಕೆಂದು ಹುಡುಗರಿಗೆ ಹೇಳಿದ್ದೇವೆ. ಸದ್ದಾದರೆ ದಯವಿಟ್ಟು ನನಗೇ ಫೋನ್ ಮಾಡಿ.

ಅಷ್ಟು ಬೇಗ ಬೀಗ ತೆಗೆಯಲು ಯಾರೂ ಇಲ್ಲದವರು ಈ ತಿಂಗಳ 25ರೊಳಗೆ ತಿಳಿಸಿ. ಪಕ್ಕದ ಅಂಗಡಿಯವರು ಒಪ್ಪಿದರೆ ಅವರಲ್ಲಿ ಇಳಿಸುತ್ತೇವೆ, ಇಲ್ಲವಾದರೆ ಮಧ್ಯಾಹ್ನ ಎರಡು ಗಂಟೆಗೆ ಚಿಕ್ಕ ಸರಕು ಆಟೊದಲ್ಲಿ ಕಳುಹಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ