ಅನಿಸಿಕೆ ಹುಟ್ಟಿದ್ದು ಯಾವ ಪುಟದಲ್ಲಿ?

ಸೋಮವಾರಪೇಟೆ

ಪ್ರೀತಿಯ ತಂಗಿ,

ನೀನು ಕಳುಹಿಸಿದ ಬರಹಗಳ ಕಟ್ಟು ಅಂಚಿನಲ್ಲಿ ಮಳೆಗೆ ನೆನೆದಿದ್ದರೂ ಓದುವ ಹಾಗೆಯೇ ಬಂದು ತಲುಪಿತು. ಎಲ್ಲವನ್ನೂ ಓದಿದೆ, ಕೆಲವನ್ನು ಮತ್ತೆ ಮತ್ತೆ ಓದಿದೆ. ಒಂದು ಐತಿಹಾಸಿಕ ಕಾದಂಬರಿ, ಒಬ್ಬ ಲೇಖಕಿಯ ಸಣ್ಣಕಥೆಗಳು, ಜನಪದ ಹಾಡುಗಳ ಸಂಗ್ರಹ, ಸಮಾಜಶಾಸ್ತ್ರದ ಗ್ರಂಥ, ಕೊನೆಗೆ ಕಾಫಿ ಬೇಸಾಯದ ಕೈಪಿಡಿ. ಇಷ್ಟು ಬೇರೆ ಬೇರೆ ಬಗೆಯ ಪುಸ್ತಕಗಳನ್ನು ಒಂದೇ ಮಳೆಗಾಲದಲ್ಲಿ ಓದಿ, ಪ್ರತಿಯೊಂದರ ಬಗ್ಗೆಯೂ ಅನಿಸಿದ್ದನ್ನು ಬರೆದಿಟ್ಟಿದ್ದೀಯಲ್ಲ, ನನಗೆ ತುಂಬ ಸಂತೋಷವಾಯಿತು. ನಮ್ಮ ಜಿಲ್ಲೆಯಲ್ಲಿ ಬರೆಯುವವರಿಗೆ ಕೊರತೆಯಿಲ್ಲ. ಓದಿ, ಓದಿದ್ದನ್ನು ನಾಲ್ಕು ಜನರ ಮುಂದೆ ಇಡುವವರು ಬೇಕಾಗಿದ್ದಾರೆ. ಈ ಕೆಲಸವನ್ನು ಕಥೆ ಬರೆಯುವ ಮೊದಲಿನ ತಾಲೀಮು ಎಂದು ತಿಳಿಯಬೇಡ. ಇದೂ ಬರವಣಿಗೆಯೇ.

‘ಅಕ್ಕ, ಇವುಗಳಲ್ಲಿ ಏನೋ ಕಡಿಮೆಯಾಗಿದೆ ಎನಿಸುತ್ತದೆ, ಏನೆಂದು ತಿಳಿಯುತ್ತಿಲ್ಲ’ ಎಂದು ಕೇಳಿದ್ದೀಯ. ನಿನ್ನ ಅಭಿಪ್ರಾಯ ಪುಸ್ತಕದ ಯಾವ ಜಾಗದಲ್ಲಿ ಹುಟ್ಟಿತು ಎಂಬುದು ಬರಹದಲ್ಲಿ ಕಾಣುವುದಿಲ್ಲ. ಕಡಿಮೆಯಾಗಿರುವುದು ಅದು. ‘ಓದಿಸಿಕೊಂಡು ಹೋಗುತ್ತದೆ’, ‘ಮನ ಮುಟ್ಟುವಂತಿದೆ’, ‘ಮಧ್ಯದಲ್ಲಿ ಸ್ವಲ್ಪ ಎಳೆದಂತಾಗಿದೆ’, ‘ಎಲ್ಲರೂ ಓದಲೇಬೇಕಾದ ಕೃತಿ’ ಎಂಬ ಮಾತುಗಳನ್ನು ಒಂದು ಪುಸ್ತಕದಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ನಿನಗೆ ನಿಜವಾಗಿಯೂ ಏನೋ ಅನಿಸಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಅನಿಸಿಕೆಗೆ ಕಾರಣವಾದ ಸಾಲನ್ನು ನೀನು ನಿನ್ನಲ್ಲೇ ಇಟ್ಟುಕೊಂಡು, ಓದುಗರಿಗೆ ತೀರ್ಪನ್ನು ಮಾತ್ರ ಕೊಟ್ಟಿದ್ದೀಯ.

ಕೊಡಗಿನ ಕೊನೆಯ ಅರಸನನ್ನು ಕುರಿತ ಮಾಸ್ತಿಯವರ ಕಾದಂಬರಿ ‘ಚಿಕವೀರ ರಾಜೇಂದ್ರ’ದ ಬಗ್ಗೆ ನೀನು ಬರೆದದ್ದರಿಂದ ಶುರು ಮಾಡುತ್ತೇನೆ. ಕೊಡಗಿನಲ್ಲಿ ಹುಟ್ಟಿದವರು ಆ ಪುಸ್ತಕವನ್ನು ತಣ್ಣಗೆ ಓದುವುದು ಕಷ್ಟ. ಗ್ರಂಥಾಲಯದಲ್ಲಿ ನಾನು ಕಂಡ ಹಳೆಯ ಪ್ರತಿಯೊಂದಿತ್ತು. ಹೊಸ ರಟ್ಟು ಹಾಕಿಸಿದ್ದರು, ಒಳಗಿನ ಹಾಳೆಗಳಿಗೆ ಮಳೆಗಾಲದ ಬೂಷ್ಟು ಹಿಡಿದು ಅಂಚು ಕಂದಿತ್ತು. ಅರಸನ ಕ್ರೌರ್ಯದ ಪ್ರಸಂಗ ಬರುವ ಒಂದು ಪುಟದ ಪಕ್ಕದಲ್ಲಿ ಯಾರೋ ಪೆನ್ಸಿಲಿನಿಂದ ‘ಹೀಗೆ ನಡೆದಿಲ್ಲ’ ಎಂದು ಒತ್ತಿ ಬರೆದಿದ್ದರು. ಅದರ ಕೆಳಗೆ ಬೇರೆ ಕೈಬರಹದಲ್ಲಿ, ನೀಲಿ ಶಾಯಿಯಲ್ಲಿ, ‘ಇದು ಕಾದಂಬರಿ’ ಎಂದಿತ್ತು. ಇನ್ನೊಬ್ಬರು ಈ ಇಬ್ಬರಿಗೂ ಸೇರಿಸಿ ಕೇಳಿದ್ದರು: ‘ಹಾಗಾದರೆ ನಿಜವಾದ ಹೆಸರುಗಳು ಏಕೆ?’ ಗ್ರಂಥಾಲಯದ ಪುಸ್ತಕದಲ್ಲಿ ಗೀಚುವುದು ತಪ್ಪು. ಆದರೆ ಆ ಕಾದಂಬರಿಯ ಬಗ್ಗೆ ನಾನು ಓದಿದ ಎಷ್ಟೋ ಲೇಖನಗಳಿಗಿಂತ ಆ ಮೂರು ಸಾಲುಗಳು ಹೆಚ್ಚು ಕೆಲಸ ಮಾಡಿದ್ದವು. ಮೂವರೂ ಒಂದೇ ಜಾಗದಲ್ಲಿ ನಿಂತು ಮಾತನಾಡಿದ್ದರು. ಅವರ ಜಗಳ ಯಾವುದರ ಬಗ್ಗೆ ಎಂಬುದು ನನಗೆ ಕಣ್ಣೆದುರೇ ಇತ್ತು, ನಾನೂ ಅದರಲ್ಲಿ ಸೇರಿಕೊಳ್ಳಬಹುದಿತ್ತು.

ನೀನು ಏನು ಬರೆದಿದ್ದೀಯ ನೋಡು: ‘ಕೊಡಗಿನ ಇತಿಹಾಸವನ್ನು ತಿಳಿಯಬಯಸುವವರು ಇದನ್ನು ಓದಬೇಕು.’ ಇದನ್ನು ನಾನು ಒಪ್ಪುವುದಿಲ್ಲ. ಕಾದಂಬರಿ ಬಂದದ್ದು 1956ರಲ್ಲಿ, ಕಥೆಯ ಕಾಲಕ್ಕಿಂತ ಶತಮಾನಕ್ಕೂ ಹೆಚ್ಚು ತಡವಾಗಿ. ಜ್ಞಾನಪೀಠ ಬಂದ ಮೇಲೆ ಅದು ಇನ್ನಷ್ಟು ಮನೆಗಳನ್ನು ತಲುಪಿತು, ಹಾಗೆ ತಲುಪಿದ ಎಷ್ಟೋ ಕಡೆ ಅದನ್ನೇ ಚರಿತ್ರೆ ಎಂದು ನಂಬಿದರು. ಆದರೆ ಇತಿಹಾಸ ಬೇಕೆನ್ನುವವರು ಕೇಳಬೇಕಾದ ಪ್ರಶ್ನೆಗಳು ಬೇರೆ. 1834ರಲ್ಲಿ ಅರಸನನ್ನು ಕೆಳಗಿಳಿಸಿ ನಾಡನ್ನು ವಶಪಡಿಸಿಕೊಂಡದ್ದು ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ. ಅವನ ಕ್ರೌರ್ಯವನ್ನು ಬರೆದಿಟ್ಟವರಲ್ಲಿ ಆ ಕಂಪನಿಯ ಕಡೆಯವರೂ ಇದ್ದರು. ನಾಡನ್ನು ತೆಗೆದುಕೊಂಡವರಿಗೆ ತಾವು ಮಾಡಿದ್ದು ನ್ಯಾಯವೆಂದು ತೋರಿಸುವ ಅಗತ್ಯವಿತ್ತು. ಅದೇ ಅರಸ ಮುಂದೆ ವೆಲ್ಲೂರು, ಕಾಶಿ ದಾಟಿ, 1852ರಲ್ಲಿ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗಿ, ಕಂಪನಿಯಿಂದ ತನ್ನ ಹಣ ವಾಪಸು ಬೇಕೆಂದು ದಾವೆ ಹೂಡಿದ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ನ್ಯಾಯಾಲಯದ ಮೆಟ್ಟಿಲು ಹತ್ತಿದ ಈ ಮನುಷ್ಯನನ್ನೂ ಕುಡಿದು ಕೂಗಾಡುವ ಆ ಅರಸನನ್ನೂ ಒಟ್ಟಿಗೆ ಇಟ್ಟು ನೋಡಬೇಕಾದದ್ದು ಇತಿಹಾಸ ಬರೆಯುವವರ ಕೆಲಸ. ಅವರ ಪುಸ್ತಕ ಓದುವಾಗ ಪ್ರತಿ ಮಾತಿಗೂ ‘ಇದನ್ನು ಹೇಳಿದವರು ಯಾರು, ಅವರಿಗೆ ಇದರಿಂದ ಏನು ಲಾಭ’ ಎಂದು ಕೇಳುತ್ತಲೇ ಇರಬೇಕು.

ಕಾದಂಬರಿಯನ್ನು ಕೇಳಬೇಕಾದದ್ದು ಇನ್ನೊಂದು. ಅರಸ ಕೆಡುತ್ತಾ ಹೋಗುವುದು ನಂಬುವ ಹಾಗಿದೆಯೇ? ಕುಂಟ ಬಸವನಿಗೂ ಅವನಿಗೂ ಇರುವ ನಂಟು ಅಧಿಕಾರದ್ದೋ ಅಕ್ಕರೆಯದ್ದೋ ಎಂಬುದು ನಿನ್ನನ್ನು ಕಾಡಿತೇ? ಅರಸನಿಗೆ ನಿಷ್ಠನಾಗಿರಬೇಕೋ ನಾಡಿಗೋ ಎಂದು ಬೋಪಣ್ಣ ತೊಳಲಾಡುವಾಗ ನೀನು ಯಾರ ಕಡೆಗೆ ಇದ್ದೆ? ನಿನ್ನ ಬರಹದಲ್ಲಿ ರಾಣಿ ಗೌರಮ್ಮನ ಬಗ್ಗೆ ಒಂದೇ ಒಂದು ವಾಕ್ಯವಿದೆ: ‘ಅವಳು ಸುಮ್ಮನಿರುವಾಗಲೆಲ್ಲ ನನಗೆ ಭಯವಾಗುತ್ತಿತ್ತು.’ ತಂಗಿ, ಆ ವಾಕ್ಯ ಬೇರೆ ಯಾರೂ ಬರೆಯಲಾರದ್ದು. ಅವಳು ಸುಮ್ಮನಿರುವ ಒಂದು ಪುಟವನ್ನು ತೆಗೆದು ತೋರಿಸು. ಉಳಿದ ಕಥಾಸಾರವನ್ನೆಲ್ಲ ಹೊಡೆದುಹಾಕಿದರೂ ನಷ್ಟವಿಲ್ಲ. ಹಾಗೆಂದು ಮೂರನೆಯ ಓದುಗರ ಪ್ರಶ್ನೆಯನ್ನು ತಳ್ಳಿಹಾಕಬೇಡ. ನಿಜವಾದ ಹೆಸರುಗಳನ್ನು ಇಟ್ಟ ಕಾದಂಬರಿಕಾರ ಆ ಹೆಸರುಗಳಿಗೆ ಎಷ್ಟರ ಮಟ್ಟಿಗೆ ಬದ್ಧ ಎಂಬುದು ಕೊಡಗಿನ ಓದುಗರು ಕೇಳಲೇಬೇಕಾದ ಪ್ರಶ್ನೆ. ನಿನ್ನ ಉತ್ತರ ಏನಿದ್ದರೂ ಬರೆ.

ಕಾಫಿ ಕೈಪಿಡಿಯ ಬಗ್ಗೆ ‘ಭಾಷೆ ಒಣಕಲು’ ಎಂದು ಎರಡು ಸಾಲಿನಲ್ಲಿ ಮುಗಿಸಿದ್ದೀಯ. ಭತ್ತ ಅಳೆಯುವ ಸೇರಿನಿಂದ ಬಟ್ಟೆ ಅಳೆದ ಹಾಗಾಯಿತು. ಆ ಬಗೆಯ ಪುಸ್ತಕಕ್ಕೆ ನಿಜವಾದ ವಿಮರ್ಶಕರು ತೋಟದಲ್ಲಿದ್ದಾರೆ. ನಮ್ಮ ನೆರೆಯ ತೋಟದ ಹಿರಿಯರೊಬ್ಬರು ಅಂಥದ್ದೇ ಒಂದು ಕೈಪಿಡಿಯಲ್ಲಿ ಕಾಫಿ ಗಿಡದ ಕಾಂಡ ಕೊರೆಯುವ ಹುಳುವಾದ ಬಿಳಿ ಕಾಂಡಕೊರಕದ ಅಧ್ಯಾಯವನ್ನು ನನಗೆ ವಿವರಿಸಿದ್ದರು. ಏಪ್ರಿಲ್‌–ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ ದುಂಬಿಗಳು ಹೊರಬಂದು ಅರೇಬಿಕಾ ಗಿಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆ ಇಡುತ್ತವೆ, ಅದಕ್ಕೆ ಮೊದಲೇ ಕಾಂಡದ ಸಡಿಲ ತೊಗಟೆಯನ್ನು ತಿಕ್ಕಿ ತೆಗೆಯಬೇಕು ಎಂದು ಪುಸ್ತಕ ಹೇಳುತ್ತದೆ. ಹಿರಿಯರು ಹೇಳಿದ್ದು: ‘ಕಾಲ ಸರಿಯಾಗಿ ಕೊಟ್ಟಿದ್ದಾರೆ. ನೆರಳು ತೆಳುವಾಗಿ ಬಿಸಿಲು ಬೀಳುವ ಕಡೆ ಹುಳು ಹೆಚ್ಚು ಎಂದಿದ್ದಾರೆ, ಅದೂ ಸರಿ, ನಮ್ಮ ಅಂಚಿನ ಸಾಲುಗಳೇ ಸಾಕ್ಷಿ. ಆದರೆ ಎಷ್ಟು ಒತ್ತಿ ತಿಕ್ಕಬೇಕು ಎಂದು ಬರೆದಿಲ್ಲ. ಹೊಸ ಆಳು ಕತ್ತಿಯ ಬೆನ್ನು ಹಿಡಿದು ಹಸಿ ತೊಗಟೆಯನ್ನೇ ಕೆರೆದುಬಿಡುತ್ತಾನೆ. ಗೋಣಿಯ ತುಂಡೋ ತೆಂಗಿನ ನಾರೋ ಹಿಡಿದು ತಿಕ್ಕಿ ಎಂದು ಒಂದು ಸಾಲು ಸೇರಿಸಬೇಕಿತ್ತು.’ ಪುಸ್ತಕ ಎಲ್ಲಿ ಸರಿ, ಎಲ್ಲಿ ಸಾಲದು, ಸಾಲದ ಜಾಗದಲ್ಲಿ ಏನು ಬರಬೇಕಿತ್ತು, ಎಲ್ಲವೂ ಈ ಮಾತಿನಲ್ಲಿದೆ. ಅವರು ಪುಸ್ತಕವನ್ನು ಗಿಡದ ಬುಡಕ್ಕೆ ಒಯ್ದು ಓದಿದ್ದರು. ನಿನ್ನ ಮನೆಯಲ್ಲೂ ತೋಟವಿದೆ. ನಿನ್ನ ಅಪ್ಪಯ್ಯನಿಗೆ ಆ ಅಧ್ಯಾಯವನ್ನು ಓದಿ ಹೇಳಿ, ಅವರು ಏನೆನ್ನುತ್ತಾರೆ ಎಂಬುದನ್ನು ಹಾಗೆಯೇ ಬರೆ. ಭಾಷೆ ಒಣಕಲು ಎಂಬ ದೂರು ಆಗಲೂ ಉಳಿದರೆ, ಯಾವ ವಾಕ್ಯ ಅರ್ಥವಾಗಲಿಲ್ಲ ಎಂದು ಸೇರಿಸು.

‘ಪಟ್ಟೋಲೆ ಪಳಮೆ’ಯ ಹಾಡುಗಳಲ್ಲಿ ‘ಪುನರಾವರ್ತನೆ ಹೆಚ್ಚು’ ಎಂದಿದ್ದೀಯ. ನಡಿಕೇರಿಯಂಡ ಚಿಣ್ಣಪ್ಪನವರು ಹಾಡುಗಾರರ ಬಾಯಲ್ಲಿದ್ದುದನ್ನು ಕೂಡಿಸಿ, ಕನ್ನಡ ಲಿಪಿಯಲ್ಲಿ ಬರೆದು, 1924ರಲ್ಲಿ ಅಚ್ಚಿಗೆ ತಂದ ಪುಸ್ತಕ ಅದು. ನಾಲ್ವರು ದುಡಿ ಎಂಬ ಪುಟ್ಟ ವಾದ್ಯ ಬಾರಿಸುತ್ತ ಹಾಡುವಾಗ ಸಾಲು ಮರಳಿ ಮರಳಿ ಬರಲೇಬೇಕು. ಸುಗ್ಗಿಯ ಹಬ್ಬವಾದ ಪುತ್ತರಿಯ ಹೊತ್ತಿಗೆ ಒಮ್ಮೆ ಕುಳಿತು ಕೇಳು, ಆಮೇಲೆ ಅದೇ ಪುಟಕ್ಕೆ ಹಿಂದಿರುಗು. ಇನ್ನೊಂದು ಮಾತು. ನಿನ್ನ ಮನೆಮಾತು ಅರೆಭಾಷೆ. ಈ ಹಾಡುಗಳ ಭಾಷೆಯಾದ ಕೊಡವ ತಕ್ಕ್ ನಿನಗೆ ಕೇಳಿ ಗೊತ್ತು, ಓದಿ ಗೊತ್ತಿಲ್ಲ. ಅದನ್ನು ಬರಹದಲ್ಲಿ ಹೇಳು. ಎಲ್ಲಿ ಅರ್ಥವಾಯಿತು, ಎಲ್ಲಿ ಊಹಿಸಿದೆ, ಎಲ್ಲಿ ಚಿಣ್ಣಪ್ಪನವರ ಕನ್ನಡ ವಿವರಣೆ ಕೈಹಿಡಿಯಿತು ಎಂದು ತಿಳಿಸಿದರೆ ನಿನ್ನಂಥ ಇನ್ನೊಬ್ಬ ಓದುಗಳಿಗೆ ಧೈರ್ಯ ಬರುತ್ತದೆ.

ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ 1952ರಲ್ಲಿ ಪ್ರಕಟಿಸಿದ ಗ್ರಂಥದ ಕುರಿತು ನೀನು ಬರೆದದ್ದು ಚೆನ್ನಾಗಿದೆ, ಹೆಚ್ಚು ಕೈ ಹಾಕಬೇಡ. ‘ಹೊರಗಿನವರ ಕಣ್ಣು’ ಎಂಬ ಮಾತನ್ನು ಮಾತ್ರ ಉಳಿಸಬೇಕೋ ಬೇಡವೋ ನೋಡು. ಕೆಳಗಿನ ಜಾತಿಯವರು ಮೇಲಿನವರ ಆಚರಣೆಗಳನ್ನು ಅನುಸರಿಸುತ್ತಾರೆ ಎನ್ನುವ, ಸಂಸ್ಕೃತೀಕರಣ ಎಂಬ ಅವರ ವಿಚಾರ ನೀನು ಕಂಡ ಯಾವುದಾದರೂ ಮನೆಯ ಆಚರಣೆಗೆ ಹೊಂದುವುದಿಲ್ಲವೆಂದಾದರೆ ಆ ಆಚರಣೆಯನ್ನು ಹೇಳು. ಹೇಳಲು ಇಲ್ಲದಿದ್ದರೆ ಆ ಮಾತನ್ನು ಬಿಡು.

ಕೊಡಗಿನ ಗೌರಮ್ಮನವರ ಕಥೆಗಳ ಬಗೆಗಿನ ನಿನ್ನ ಬರಹ ಓದುವಾಗ ನನಗೆ ಸ್ವಲ್ಪ ನೋವಾಯಿತು. ಮೊದಲ ಪುಟವೆಲ್ಲ ಅವರ ಬದುಕು: 1912ರಲ್ಲಿ ಹುಟ್ಟಿದ್ದು, ಗಾಂಧೀಜಿ ಕೊಡಗಿಗೆ ಬಂದಾಗ ಒಡವೆ ಕೊಟ್ಟದ್ದು, 1939ರಲ್ಲಿ ಇಪ್ಪತ್ತೇಳರ ವಯಸ್ಸಿಗೆ ನೀರಿನಲ್ಲಿ ಮುಳುಗಿ ಹೋದದ್ದು, ಬೇಂದ್ರೆಯವರು ‘ತಂಗಿ ಗೌರಮ್ಮ’ ಎಂದು ಕವಿತೆ ಬರೆದದ್ದು. ಎಲ್ಲವೂ ನಿಜ, ಎಲ್ಲವೂ ಗಂಟಲು ಕಟ್ಟಿಸುವಂಥದ್ದು. ಆದರೆ ಅಷ್ಟು ಹೇಳಿದ ಮೇಲೆ ನೀನು ಕಥೆಗಳನ್ನು ಕನಿಕರದಿಂದ ಓದಿದ್ದೀಯ. ಅವರಿಗೆ ಕನಿಕರ ಬೇಕಿಲ್ಲ. ವಿಧವೆಯರ ಬದುಕನ್ನು, ಮದುವೆಯ ಹೆಸರಿನಲ್ಲಿ ಹೆಣ್ಣಿಗೆ ಆಗುವ ಅನ್ಯಾಯವನ್ನು, ಆ ಕಾಲದಲ್ಲಿ ಅಷ್ಟು ನೇರವಾಗಿ ಕಥೆಯಾಗಿಸಿದ ಲೇಖಕಿ ಅವರು. ಕಥೆ ಗಟ್ಟಿಯಾಗಿದ್ದರೆ ಗಟ್ಟಿ ಎನ್ನು, ಸಡಿಲವಾಗಿದ್ದರೆ ಸಡಿಲ ಎನ್ನು. ಬದುಕಿನ ವಿವರ ಬೇಕಿದ್ದರೆ ಕೊನೆಯಲ್ಲಿ ಎರಡು ಸಾಲು ಬರಲಿ. ಸತ್ತವರನ್ನು ಗೌರವಿಸುವುದೆಂದರೆ ಅವರ ವಾಕ್ಯಗಳನ್ನು ಬದುಕಿರುವವರ ವಾಕ್ಯಗಳಷ್ಟೇ ನಿಷ್ಠುರವಾಗಿ ಓದುವುದು ಎಂದು ನಾನು ನಂಬಿದ್ದೇನೆ.

ಬದುಕಿರುವವರ ವಿಷಯ ಇನ್ನೂ ಕಷ್ಟ. ನಮ್ಮದು ಚಿಕ್ಕ ಜಿಲ್ಲೆ. ಇಂದು ನೀನು ಬರೆದ ಪುಸ್ತಕದ ಲೇಖಕರು ನಾಳೆ ಮದುವೆಯ ಊಟದ ಪಂಕ್ತಿಯಲ್ಲಿ ನಿನ್ನ ಎದುರಿಗೇ ಕೂರುತ್ತಾರೆ. ಬಿಡುಗಡೆಯ ಸಭೆಯಲ್ಲಿ ಹಾರ ತುರಾಯಿಯ ಜೊತೆಗೆ ಹೊಗಳಿಕೆಯೂ ಸಲ್ಲುತ್ತದೆ, ಅಲ್ಲಿಗೆ ಪುಸ್ತಕದ ಮಾತು ಮುಗಿಯುತ್ತದೆ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ಕಟ್ಟುಗಳನ್ನು ಮಂಚದ ಕೆಳಗೆ ಇಟ್ಟುಕೊಂಡಿರುವ ಎಷ್ಟೋ ಲೇಖಕರನ್ನು ನಾನು ಬಲ್ಲೆ. ಒಬ್ಬ ಓದುಗರಾದರೂ ಪೂರ್ತಿ ಓದಿ, ‘ಎಂಬತ್ತನೆಯ ಪುಟದಲ್ಲಿ ನಿಮ್ಮ ನಾಯಕಿ ಹೀಗೆ ಮಾಡುವುದನ್ನು ನಾನು ನಂಬಲಿಲ್ಲ’ ಎಂದು ಹೇಳಲಿ ಎಂದು ಅವರು ಕಾಯುತ್ತಿರುತ್ತಾರೆ. ಅಂಥ ಮಾತು ನೋಯಿಸಬಹುದು, ಆದರೆ ಅವಮಾನ ಮಾಡುವುದಿಲ್ಲ. ಅವಮಾನವಾಗುವುದು ಓದದೆ ಹೊಗಳಿದಾಗ. ಲೇಖಕರ ಬಗ್ಗೆ ಬರೆಯುವಾಗ ಗೌರವದ ಬಹುವಚನ ತಪ್ಪದಿರಲಿ, ಅವರ ಮನೆ, ಉದ್ಯೋಗ, ಜಾತಿ ನಿನ್ನ ಬರಹದೊಳಗೆ ಕಾಲಿಡದಿರಲಿ. ಅಷ್ಟಿದ್ದರೆ ಪುಟದ ಮೇಲಿನ ಮಾತನ್ನು ಹೆದರದೆ ಹೇಳು. ಹೇಳಿದ ಮೇಲೆ ಮದುವೆಯಲ್ಲಿ ಎದುರಾದರೆ ನೀನೇ ಮೊದಲು ಮಾತನಾಡಿಸು.

ಈಗ ಕೆಲಸದ ವಿಷಯ. ಓದುವಾಗ ಹತ್ತಿರ ಒಂದು ನೋಟ್ ಪುಸ್ತಕವಿರಲಿ. ಕೋಪ ಬಂದಲ್ಲಿ, ನಿದ್ದೆ ಬಂದಲ್ಲಿ, ಪುಸ್ತಕ ಮುಚ್ಚಿ ಕಿಟಕಿಯ ಕಡೆ ನೋಡಿದಲ್ಲಿ ಪುಟಸಂಖ್ಯೆ ಬರೆದುಕೋ, ಕಾರಣ ಆಗಲೇ ಬೇಕಿಲ್ಲ. ಮುಗಿದ ಮೇಲೆ ಆ ಪುಟಗಳಿಗೆ ಮಾತ್ರ ಮರಳು. ಕಾರಣ ಅಲ್ಲೇ ಇರುತ್ತದೆ, ನಿನ್ನ ಬರಹವೂ ಅಲ್ಲಿಂದಲೇ ಶುರುವಾಗಲಿ. ‘ಚಿಕವೀರ ರಾಜೇಂದ್ರ’ವನ್ನು ಹೀಗೆ ಹೊಸದಾಗಿ ಬರೆದು ಮೊದಲು ಕಳುಹಿಸು, ಕೈಪಿಡಿಯದನ್ನು ಅಪ್ಪಯ್ಯನಿಗೆ ಬಿಡುವಾದಾಗ ಬರೆದರಾಯಿತು.

ಗೌರಮ್ಮನವರ ಒಂದು ಕಥೆಯ ಮುಕ್ತಾಯ ಆತುರದ್ದು ಎಂದು ಬರೆದು, ಪಕ್ಕದಲ್ಲಿ ‘ಅಕ್ಕನಿಗೆ ಇಷ್ಟವಾಗದಿದ್ದರೆ ತೆಗೆಯುತ್ತೇನೆ’ ಎಂದು ಸೇರಿಸಿದ್ದೀಯ. ಆ ಕಥೆ ನನಗೆ ಬಹಳ ಪ್ರಿಯವಾದದ್ದು, ಅದರ ಮುಕ್ತಾಯ ಹಾಗೆಯೇ ಇರಬೇಕೆಂದು ನನ್ನ ಅಭಿಪ್ರಾಯ. ತೆಗೆಯಬೇಡ. ಯಾವ ವಾಕ್ಯದಿಂದ ಆತುರ ಶುರುವಾಯಿತು ಎಂದು ಗುರುತು ಮಾಡಿ ಕಳುಹಿಸು. ನಾನೂ ನನ್ನ ಪ್ರತಿಯನ್ನು ಹೊರಗೆ ತೆಗೆದಿಟ್ಟಿದ್ದೇನೆ, ಉತ್ತರ ಬರೆಯುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ