ಎಡಗಡೆಯ ಟಕ್ ಟಕ್

ಡೆಲ್ಫ್ಟ್, ನೆದರ್ಲ್ಯಾಂಡ್ಸ್

ಅಪ್ಪನಿಗೆ ನಮಸ್ಕಾರಗಳು,

ನಾನು ಚೆನ್ನಾಗಿದ್ದೇನೆ. ಅಮ್ಮನ ಮಂಡಿ ನೋವು ಇಳಿದಿದೆ ಅಂತ ಕೇಳಿ ಸಮಾಧಾನವಾಯಿತು.

ಭಾನುವಾರ ಫೋನಿನಲ್ಲಿ ಚೇತು, ಗೊರೂರಿಗೆ ಹೋಗುವಾಗ ಸೈಕಲ್ ಎಡಗಡೆ ಟಕ್ ಟಕ್ ಅನ್ನುತ್ತದೆ ಅಂದ. ನೀವು ಹಿಂದಿನಿಂದ "ಪೆಡಲ್ ಬದಲಾಯಿಸೋ" ಅಂದದ್ದು ಕೇಳಿಸಿತು. ಅಷ್ಟರಲ್ಲಿ ಲೈನ್ ಹೋಯಿತು. ಸದ್ಯಕ್ಕೆ ಪೆಡಲ್‌ಗೆ ದುಡ್ಡು ಹಾಕಬೇಡಿ. ನನ್ನ ಸೈಕಲ್‌ಗೂ ಮೊನ್ನೆ ಇದೇ ಕಾಯಿಲೆ ಬಂದಿತ್ತು. ಬಿಚ್ಚಿ ನೋಡಿದೆ. ಅದನ್ನೇ ಬರೆಯುತ್ತಿದ್ದೇನೆ, ಅವನಿಗೆ ಓದಿ ಹೇಳಿ. ತಾನಾಗಿ ಓದುವವನಲ್ಲ ಅವನು.

ಈ ದೇಶದಲ್ಲಿ ಜನ ಸುಮಾರು 1.8 ಕೋಟಿ, ಸೈಕಲ್ 2 ಕೋಟಿಗೂ ಜಾಸ್ತಿ. ಆದರೂ ರಿಪೇರಿಗೆ ಕೊಟ್ಟರೆ ಸಾಮಾನಿಗಿಂತ ಕೂಲಿಯೇ ಹೆಚ್ಚು. ಹಾಗಾಗಿ ನಾನೇ ಕೂತೆ.

ಸದ್ದು ಪೆಡಲ್‌ನಿಂದ ಬರಬಹುದು, ಪೆಡಲ್ ಕೂತಿರುವ ತೋಳು, ಅಂದರೆ ಕ್ರ್ಯಾಂಕಿನಿಂದ ಬರಬಹುದು, ಒಳಗಿನ ಬೇರಿಂಗಿನಿಂದಲೂ ಬರಬಹುದು. ಸೀಟಿನಿಂದ ಬಂದರೂ ಕಾಲಡಿಯಲ್ಲೇ ಕೇಳಿದ ಹಾಗಿರುತ್ತದೆ. ಮೊದಲು ಸೀಟಿನಿಂದ ಎದ್ದು ನಿಂತು ತುಳಿಯಲಿ. ಆಗಲೂ ಸದ್ದು ಬಂದರೆ ಸೀಟು ಕಾರಣವಲ್ಲ. ಆಮೇಲೆ ಸೈಕಲ್ ನಿಲ್ಲಿಸಿ, ಎಡ ಕ್ರ್ಯಾಂಕ್ ಹಿಡಿದು ಫ್ರೇಮಿನ ಕಡೆಗೆ ತಳ್ಳಿ ಎಳೆಯಲಿ. ಎಡಗಡೆಯದು ಮಾತ್ರ ಅಲ್ಲಾಡಿ ಬಲಗಡೆಯದು ಗಟ್ಟಿಯಾಗಿದ್ದರೆ ಕ್ರ್ಯಾಂಕ್ ಆಕ್ಸಲ್ ಮೇಲೆ, ಅಂದರೆ ಎರಡು ಕ್ರ್ಯಾಂಕನ್ನೂ ಸೇರಿಸುವ ಅಡ್ಡ ಸರಳಿನ ಮೇಲೆ, ಸಡಿಲಾಗಿದೆ. ಎರಡೂ ಒಟ್ಟಿಗೆ ಅಲ್ಲಾಡಿದರೆ ಬೇರಿಂಗ್. ನನ್ನದರಲ್ಲಿ ಎಡಗಡೆಯದು ಮಾತ್ರ.

ಹೆಚ್ಚಾಗಿ ಎಡಗಡೆಯದೇ ಯಾಕೆ ಅಂತ ಯೋಚಿಸಿದೆ. ಬಲಗಾಲಿನ ಬಲ ನೇರವಾಗಿ ಚೈನ್ ಚಕ್ರಕ್ಕೆ ಹೋಗುತ್ತದೆ. ಎಡಗಾಲಿನದು ಆಕ್ಸಲ್ ತಿರುಚಿಕೊಂಡು ಆ ಕಡೆ ದಾಟಬೇಕು. ಬಗ್ಗುವ ಒತ್ತಡದ ಜೊತೆ ತಿರುಚುವ ಒತ್ತಡವೂ ಆ ಒಂದು ಜೋಡಣೆಯ ಮೇಲೆ ಬೀಳುತ್ತದೆ. ಸಡಿಲಾಗದೆ ಇನ್ನೇನು ಮಾಡೀತು?

ಕ್ರ್ಯಾಂಕಿನ ಮುಚ್ಚಳ ತೆಗೆದರೆ ಬೋಲ್ಟ್ ಬೆರಳಲ್ಲೇ ತಿರುಗಿತು. ಅಲ್ಲೇ ಬಿಗಿದು ಮುಗಿಸಬಹುದಿತ್ತು. ಆದರೆ ಒಳಗಿನ ತೂತು ಹೇಗಿದೆ ಅಂತ ನೋಡದೆ ಬಿಗಿದರೆ ಏನೂ ಗೊತ್ತಾಗುವುದಿಲ್ಲ. 8 ಎಂ.ಎಂ. ಅಲೆನ್ ಕೀ ಹಾಕಿ ಬೋಲ್ಟ್ ಪೂರ್ತಿ ತೆಗೆದೆ. ಕೆಲವದರಲ್ಲಿ 14ರ ಸಾಕೆಟ್ ಬೇಕು. ಬೋಲ್ಟ್ ಬಂದರೂ ಕ್ರ್ಯಾಂಕ್ ಸುಮ್ನೆ ಬರುವುದಿಲ್ಲ, ಅದನ್ನು ಎಳೆದು ತೆಗೆಯಲು ಪುಲ್ಲರ್ ಅನ್ನುವ ಸಾಧನ ಬೇಕು. ಒಳಗಿನ ವಾಷರ್ ತೆಗೆದು, ಪುಲ್ಲರನ್ನು ಕೈಯಲ್ಲೇ ಕೊನೆಯವರೆಗೆ ತಿರುಗಿಸಿ ಕೂರಿಸಬೇಕು. ಅರ್ಧಕ್ಕೇ ಕೂತರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ, ಆಮೇಲೆ ದೇವರೇ ಗತಿ.

ಒಳಗೆ ಆಕ್ಸಲ್ ತುದಿ ಚೌಕ, ಹೊರಗೆ ಬರುತ್ತಾ ಸಣ್ಣಗಾಗುತ್ತದೆ. ಕ್ರ್ಯಾಂಕಿನ ತೂತೂ ಅದೇ ಆಕಾರ. ಗುದ್ದಲಿಗೆ ಕಾವು ಬಿಗಿದ ಹಾಗೆ, ಅಷ್ಟೇ. ಆಕ್ಸಲ್ ಸ್ಟೀಲ್, ಕ್ರ್ಯಾಂಕ್ ಮೆತ್ತಗಿನ ಅಲ್ಯೂಮಿನಿಯಂ. ಸಡಿಲಿರುವಾಗಲೇ ತುಳಿಯುತ್ತಾ ಹೋದರೆ ಚೌಕದ ಮೂಲೆಗಳು ಸವೆದು ದುಂಡಗಾಗುತ್ತವೆ. ಹಾಗಾದ ಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ, ಕ್ರ್ಯಾಂಕೇ ಬದಲಾಯಿಸಬೇಕು. ನನ್ನದರಲ್ಲಿ ಕಪ್ಪು ಪುಡಿ ಇತ್ತು, ಒಂದು ಅಂಚು ಹೊಳೆಯುತ್ತಿತ್ತು, ಆದರೆ ಮೂಲೆಗಳು ಇನ್ನೂ ಚೂಪಾಗಿದ್ದವು. ಬಟ್ಟೆಯಲ್ಲಿ ಒರೆಸಿದೆ. ಆಕ್ಸಲನ್ನು ಬೆರಳಲ್ಲಿ ತಿರುಗಿಸಿದೆ, ಮರಳು ಸಿಕ್ಕಿದ ಹಾಗೆ ಕರಕರ ಅನ್ನಲಿಲ್ಲ. ಬೇರಿಂಗ್ ಸರಿಯಿದೆ ಅಂತಾಯಿತು.

ಬಿಗಿಯುವಾಗ ಗಿಡ್ಡ ಅಲೆನ್ ಕೀ ಸಾಲದು. ಬೇಕಾದ್ದು 35ರಿಂದ 40 ನ್ಯೂಟನ್ ಮೀಟರ್. ಒಂದು ಅಡಿ ಉದ್ದದ ಹಿಡಿಯ ತುದಿಗೆ 12-13 ಕೆ.ಜಿ. ಭಾರ ಹಾಕಿದಷ್ಟು. ಸ್ವಲ್ಪ ದೂರ ಓಡಿಸಿ ಒಂದು ಸಲ ನೋಡಿಕೊಂಡರೆ ಸಾಕು. ದಿನಾ ಬಿಗಿಯುತ್ತಾ ಹೋದರೆ ಕ್ರ್ಯಾಂಕ್ ಇನ್ನೂ ಒಳಗೆ ಏರುತ್ತಾ ಹೋಗುತ್ತದೆ.

ಅಪ್ಪ, ಒಂದು ಮಾತು. ಚೇತು ಸೈಕಲ್‌ಗೆ ಸುತ್ತಿಗೆ ತೋರಿಸಬೇಡಿ. ನಿಮ್ಮ ಹಳೇ ಸೈಕಲ್‌ನಲ್ಲಿ ಕ್ರ್ಯಾಂಕನ್ನು ಆಕ್ಸಲ್‌ಗೆ ಹಿಡಿದಿಡುವುದು ಕಾಟರ್ ಪಿನ್. ಕ್ರ್ಯಾಂಕಿನ ಕೆಳಗೆ ಕಬ್ಬಿಣದ ಪೈಪ್ ಆನಿಸಿ, ಪಿನ್ ಹೊಡೆದು ಕೂರಿಸಿ, ಆಮೇಲೆ ನಟ್ ಹಾಕುತ್ತಿದ್ದಿರಿ. ಅದಕ್ಕೆ ಅದೇ ಸರಿ, ಅಲ್ಲಿ ನಟ್ ಬಿಗಿದ ಮಾತ್ರಕ್ಕೆ ಪಿನ್ ಒಳಗೆ ಹೋಗುವುದಿಲ್ಲ. ಇವನದ್ದರಲ್ಲಿ ಪಿನ್ನೇ ಇಲ್ಲ. ಹೊಡೆದರೆ ಏಟು ಬೀಳುವುದು ಬೇರಿಂಗಿಗೆ.

ಎರಡೂ ಕಡೆ ಅಲ್ಲಾಡಿದರೆ ನೀವು ಕೈ ಹಾಕಬೇಡಿ, ಅಂಗಡಿಗೆ ಕೊಡಿ. ಸಾಮಾನ್ಯವಾಗಿ ಬೇರಿಂಗ್ ಕೂರುವ ಬಲಗಡೆಯ ಕಪ್‌ಗೆ ಉಲ್ಟಾ ಥ್ರೆಡ್ ಇರುತ್ತದೆ. ಗೊತ್ತಿಲ್ಲದವರು ಬಿಚ್ಚುತ್ತೇವೆ ಅಂತ ಇನ್ನಷ್ಟು ಬಿಗಿದುಬಿಡುತ್ತಾರೆ.

ಹಾಸನಾಂಬೆ ಬಾಗಿಲು ತೆಗೆದಾಗ ಊರೊಳಗೆ ಬೈಕ್ ನುಗ್ಗಿಸುವುದೇ ಕಷ್ಟ, ಅವನಿಗೆ ಸೈಕಲ್ ಬೇಕೇ ಬೇಕಾಗುತ್ತದೆ. ಅಷ್ಟರೊಳಗೆ ಬಿಚ್ಚಿ ನೋಡಲಿ. ಅಲ್ಲಿಯವರೆಗೆ ಗೊರೂರು ಬೇಡ. ತೂತಿನ ಫೋಟೋ ತೆಗೆದು ಕಳಿಸಲಿ, ಮೂಲೆ ಸವೆದಿದೆಯಾ ನಾನು ಹೇಳುತ್ತೇನೆ. ಅಮ್ಮನಿಗೆ ಬೇರೆ ಕಾಗದ ಬರೆಯುತ್ತೇನೆ, ಇದರಲ್ಲಿ ಬರೀ ಗ್ರೀಸ್ ವಾಸನೆ.

ನಿಮ್ಮ ಮಗಳು,
ಸುಮ